ಮನೆಗೆಲ್ಲ ಒಂದೇ ಕಂಪ್ಯೂಟರ್: ಗೇಮಿನ ಆಂಟಿ-ಚೀಟ್‌ಗೆ ಕರ್ನಲ್ ಬಿಟ್ಟುಕೊಡಬಹುದೇ?

ಥಾಣೆ_ಪಡುಗಾಳಿ
ಎಲ್ಲರಿಗೂ ನಮಸ್ಕಾರ. ನಮ್ಮದು ಕುಂದಾಪುರ ಕಡೆ, ಈಗಿರುವುದು ಥಾಣೆಯಲ್ಲಿ. ಅಪ್ಪನಿಗೆ ಇಲ್ಲೊಂದು ಸಣ್ಣ ಹೋಟೆಲು ಉಂಟು. ಟ್ಯಾಲಿ, ಜಿಎಸ್‌ಟಿ ರಿಟರ್ನ್, ಹುಡುಗರ ಸಂಬಳದ ಲೆಕ್ಕ, ಬ್ಯಾಂಕಿನ ಕೆಲಸ ಎಲ್ಲ ಮನೆಯ ಡೆಸ್ಕ್‌ಟಾಪಿನಲ್ಲಿ ನಾನೇ ಮಾಡುವುದು. ಹತ್ತನೇ ಕ್ಲಾಸಿನ ತಮ್ಮ ಗೇಮ್ ಆಡುವುದೂ ಅದರಲ್ಲೇ.

ಅವನು ಆಡುವ ಒಂದು ಶೂಟಿಂಗ್ ಗೇಮ್ ಈಗ ಬಯಾಸ್‌ಗೆ (ಕಂಪ್ಯೂಟರ್ ಶುರುವಾಗುವ ಹೊತ್ತಿನ ಸೆಟ್ಟಿಂಗ್ಸ್) ಹೋಗಿ ಸೆಕ್ಯೂರ್ ಬೂಟ್ (ಸಹಿ ಇರುವ ನಂಬಿಕೆಯ ಸಾಫ್ಟ್‌ವೇರಿನಿಂದ ಮಾತ್ರ ಶುರುವಾಗುವ ವ್ಯವಸ್ಥೆ) ಆನ್ ಮಾಡಿ, ಇಲ್ಲದಿದ್ದರೆ ಒಳಗೆ ಬಿಡುವುದಿಲ್ಲ ಅಂತ ಕೂತಿದೆ. ಜೊತೆಗೆ ಆಟದಲ್ಲಿ ಮೋಸ ಮಾಡುವವರನ್ನು ಹಿಡಿಯುವ ಆಂಟಿ-ಚೀಟ್ ಅಂತ ಒಂದು ಡ್ರೈವರ್ ಬರುತ್ತದಂತೆ. ಗೇಮ್ ಆಡಲಿ ಬಿಡಲಿ, ಕಂಪ್ಯೂಟರ್ ಶುರುವಾದ ಕೂಡಲೇ ಅದೂ ಶುರುವಾಗುತ್ತದಂತೆ. ನಾನು ಬೇಡ ಅಂದೆ. "ನನ್ನ ಕ್ಲಾಸಿನ ಎಲ್ಲರೂ ಹಾಕಿಕೊಂಡಿದ್ದಾರೆ, ಅಕ್ಕ ಸುಮ್ಮನೆ ಹೆದರಿಸ್ತಾಳೆ" ಅಂತ ಅಮ್ಮನ ಹತ್ತಿರ ದೂರು ಹೋಗಿದೆ.

ನನಗೆ ಎರಡು ವಿಷಯ ತಿಳಿಯಬೇಕು. ಆ ಡ್ರೈವರ್ ಹೋಟೆಲಿನ ಲೆಕ್ಕದ ಫೈಲುಗಳನ್ನು ಮುಟ್ಟಲು ಸಾಧ್ಯವಾ? ಸಾಧ್ಯವಿದ್ದರೆ, ತಮ್ಮನನ್ನು ಆಟದಿಂದ ಬಿಡಿಸದೆ ಇದಕ್ಕೊಂದು ದಾರಿ ಉಂಟಾ?

ಕೊತ್ರೂಡ್_ಕಟ್ಟೆ
ಅಕ್ಕಾರ, ನಂದು ವಿಜಯಪುರ, ಪುಣೇದಾಗ ಇಂಜಿನಿಯರಿಂಗ್ ಓದಾಕತ್ತೀನಿ. ಇಂಥಾ ಗೇಮ್ ದಿನಾ ಆಡಾವ ನಾ. ನಿಮ್ಮ ತಮ್ಮನ ಪರವಾಗಿ ಎರಡು ಮಾತು ಹೇಳ್ತೀನ್ರಿ.

ಚೀಟ್ ಅಂದ್ರ ಹೊರಗಿನವ್ರಿಗೆ ಸಣ್ಣ ವಿಷಯ ಅನಿಸ್ತದ. ಆಡಾವ್ರಿಗೆ ಹಂಗಲ್ಲ. ಗೋಡೆ ಹಿಂದ ನಿಂತಾವ ಅವನ ಕಣ್ಣಿಗೆ ಕಾಣ್ತಾನ, ಗುರಿ ತಾನ ಹೋಗಿ ತಲಿಗೆ ಕೂಡ್ತದ. ನಾವು ರಾತ್ರಿ ಹನ್ನೊಂದಕ್ಕ ಐದು ಮಂದಿ ಸೇರಿ ಆಡಾಕ ಕುಂತಿರ್ತೀವಿ, ಆ ಕಡೆ ಇಂಥಾವ ಒಬ್ಬ ಬಂದ ಅಂದ್ರ ಮುಕ್ಕಾಲು ತಾಸಿನ ಮ್ಯಾಚ್ ನೀರಾಗ ಹೋಮ. ಬಿಟ್ಟು ಹೋದ್ರ ನಮಗ ದಂಡ. 2018ರಾಗ ಶಾಂಘೈದಾಗ ಕೌಂಟರ್-ಸ್ಟ್ರೈಕ್ ಪಂದ್ಯ ನಡದಾಗ ಆಪ್ಟಿಕ್ ಇಂಡಿಯಾ ತಂಡದ ಆಟಗಾರ ವೇದಿಕೆ ಮ್ಯಾಲೇ ಚೀಟ್ ಸಮೇತ ಸಿಕ್ಕಿಬಿದ್ದ. ಅವನಿಗೆ 5 ವರ್ಷ ನಿಷೇಧ ಆತು, ಇಡೀ ತಂಡಾನ ಮುಚ್ಚಿಹೋತು. ಉಳಿದ ನಾಲ್ಕು ಮಂದಿ ಏನು ತಪ್ಪು ಮಾಡಿದ್ರು ಹೇಳ್ರಿ? ಆಮ್ಯಾಲ ಎಷ್ಟೋ ದಿನ ಇಂಡಿಯಾದವ ಚಂದ ಆಡಿದ್ರ ಸಾಕು, ಚಾಟ್‌ನಾಗ ಅದನ್ನ ಎತ್ತಿ ಆಡತಿದ್ರು.

ವ್ಯಾಲೊರಂಟ್ ಅನ್ನೋ ಶೂಟಿಂಗ್ ಗೇಮ್‌ಗೆ ಮುಂಬೈ ಸರ್ವರ್ ಬಂದ ಮ್ಯಾಲೆ ನಮ್ಮ ಕಡೆ ಪಿಂಗ್ (ಸರ್ವರ್‌ಗೆ ಹೋಗಿ ಬರೋ ಹೊತ್ತು) ಸುಧಾರಿಸಿತು, ಕಾಲೇಜು ಫೆಸ್ಟ್‌ನಾಗೂ ಟೂರ್ನಮೆಂಟ್ ಶುರು ಆದವು. ಚೀಟರ್ಸ್ ಕೈಯಾಗ ಬಿಟ್ರ ಇದೆಲ್ಲಾ ಹಾಳಾಗ್ತದ. ಆಂಟಿ-ಚೀಟ್ ಗಟ್ಟಿ ಇರಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ.

ಹಿಂಜವಡಿ_ರಾತ್ರಿಪಾಳಿ
ನಾನು ಹಿಂಜವಡಿಯಲ್ಲಿ ವಿಂಡೋಸ್ ಯಂತ್ರಗಳ ಭದ್ರತೆ ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ಪಡುಗಾಳಿಯವರ ಮೊದಲ ಪ್ರಶ್ನೆಗೆ ಉತ್ತರ: ಹೌದು, ಸಾಧ್ಯವಿದೆ. ಮುಟ್ಟುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಮುಟ್ಟದಂತೆ ತಡೆಯುವ ಬೇಲಿ ಅಲ್ಲಿ ಇರುವುದಿಲ್ಲ ಅನ್ನುತ್ತಿದ್ದೇನೆ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ಯಾಲಿ, ಬ್ರೌಸರ್, ಗೇಮ್ ಇವೆಲ್ಲ ಯೂಸರ್ ಮೋಡ್‌ನಲ್ಲಿ ಓಡುತ್ತವೆ, ಅದನ್ನು ರಿಂಗ್ 3 ಅನ್ನುತ್ತೇವೆ. ಅಲ್ಲಿರುವ ಪ್ರೋಗ್ರಾಮ್‌ಗೆ ಡಿಸ್ಕ್ ಬೇಕು, ಇನ್ನೊಂದರ ಮೆಮೊರಿ ಬೇಕು ಅಂದರೆ ಕರ್ನಲ್‌ನ, ಅಂದರೆ ಇಡೀ ಯಂತ್ರವನ್ನು ಆಳುವ ವಿಂಡೋಸ್‌ನ ಒಳತಿರುಳಿನ, ಅನುಮತಿ ಬೇಕು. ಕರ್ನಲ್ ಮತ್ತು ಡ್ರೈವರ್‌ಗಳು ಇರುವುದು ರಿಂಗ್ 0ದಲ್ಲಿ. ಅಲ್ಲಿ ಕೂತ ಕೋಡ್‌ಗೆ ಇಡೀ ಯಂತ್ರದ ಮೆಮೊರಿ, ಎಲ್ಲ ಫೈಲು, ಎಲ್ಲ ಪ್ರೋಗ್ರಾಮ್ ತೆರೆದಿರುತ್ತವೆ.

"ಫೈಲ್ ಕದಿಯಲು ಕರ್ನಲ್ ಯಾಕೆ ಬೇಕು, ಸಾಮಾನ್ಯ ಪ್ರೋಗ್ರಾಮ್ ಕೂಡ ಕದಿಯಬಹುದಲ್ಲ" ಅಂತ ಕೆಲವರು ವಾದಿಸುತ್ತಾರೆ. ಅರ್ಧ ನಿಜ. ನಿಮ್ಮದೇ ಲಾಗಿನ್‌ನಲ್ಲಿ ಓಡುವ ಯಾವ ಪ್ರೋಗ್ರಾಮ್ ಆದರೂ ನಿಮ್ಮ ಫೈಲ್ ಓದಬಲ್ಲದು. ಆದರೆ ತಮ್ಮನಿಗೆ ಬೇರೆಯೇ ಸ್ಟ್ಯಾಂಡರ್ಡ್ ಅಕೌಂಟ್ ಮಾಡಿಕೊಟ್ಟು, ನಿಮ್ಮ ಅಕೌಂಟಿಗೆ ಪಾಸ್‌ವರ್ಡ್ ಇಟ್ಟಿದ್ದೀರಿ ಅನ್ನಿ. ಆಗ ಅವನ ಅಕೌಂಟಿನಲ್ಲಿ ಓಡುವ ಗೇಮ್‌ಗೆ ನಿಮ್ಮ ಫೋಲ್ಡರ್ ತೆರೆಯಲು ಬರುವುದಿಲ್ಲ, ವಿಂಡೋಸ್ ಬಿಡುವುದಿಲ್ಲ. ಒಂದೇ ಕಂಪ್ಯೂಟರನ್ನು ಇಡೀ ಮನೆ ಹಂಚಿಕೊಂಡು ಬದುಕುವುದಕ್ಕೆ ಇರುವ ಗೋಡೆ ಅದೊಂದೇ. ಕರ್ನಲ್ ಡ್ರೈವರ್‌ಗೆ ಆ ಗೋಡೆ ಲೆಕ್ಕಕ್ಕಿಲ್ಲ. ಈ ಸಾಫ್ಟ್‌ವೇರ್‌ಗಳನ್ನು ರೂಪಿಸುವವರು ಒಬ್ಬ ಆಟಗಾರನಿಗೆ ಒಂದು ಗೇಮಿಂಗ್ ಪಿಸಿ ಅಂತ ಎಣಿಸಿರುತ್ತಾರೆ. ನಮ್ಮ ಮನೆಗಳು ಹಾಗಿಲ್ಲ. ನನಗೆ ಎಲ್ಲಕ್ಕಿಂತ ಹೆಚ್ಚು ಚಿಂತೆ ಇದೇ.

ಆಂಟಿ-ಚೀಟ್ ಕರ್ನಲ್‌ಗೆ ಇಳಿದದ್ದು ಸುಮ್ಮನೆ ಅಲ್ಲ. ಚೀಟ್ ಮಾಡುವವರು ಮೊದಲೇ ಅಲ್ಲಿಗೆ ಇಳಿದಿದ್ದರು. ಯಾವುದೋ ಹಾರ್ಡ್‌ವೇರ್ ಕಂಪನಿಯ, ವಿಂಡೋಸ್ ನಂಬುವ ಡಿಜಿಟಲ್ ಸಹಿ ಇರುವ ಆದರೆ ದೋಷವಿರುವ ಹಳೆಯ ಡ್ರೈವರ್ ಹಿಡಿದು ಅದರ ಮೂಲಕ ಕರ್ನಲ್ ಹೊಕ್ಕು, ಮೇಲಿರುವ ಆಂಟಿ-ಚೀಟ್‌ಗೆ ತಮ್ಮನ್ನು ಕಾಣದಂತೆ ಮಾಡುತ್ತಿದ್ದರು. ಮೊದಲು ಲೋಡ್ ಆದವನದ್ದೇ ಮೇಲುಗೈ. ಅದಕ್ಕೇ ವ್ಯಾಲೊರಂಟ್ ಮಾಡಿದ ರಯಟ್‌ನವರ ಆಂಟಿ-ಚೀಟ್ ವ್ಯಾನ್‌ಗಾರ್ಡ್ 2020ರಿಂದ ವಿಂಡೋಸ್ ಬೂಟ್ ಆಗುವಾಗಲೇ ಲೋಡ್ ಆಗುತ್ತದೆ. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಕೂಡ ಕರ್ನಲ್ ಡ್ರೈವರ್‌ಗಳೇ, ಆದರೆ ಸಾಮಾನ್ಯವಾಗಿ ಗೇಮ್ ತೆರೆದಾಗ ಎದ್ದು ಮುಚ್ಚಿದಾಗ ಇಳಿಯುತ್ತವೆ. ಕೌಂಟರ್-ಸ್ಟ್ರೈಕ್ ಮಾಡಿದ ವಾಲ್ವ್‌ನ ಆಂಟಿ-ಚೀಟ್ ವ್ಯಾಕ್ 2002ರಿಂದಲೂ ಯೂಸರ್ ಮೋಡ್‌ನಲ್ಲೇ ಇದೆ. ಹೀಗೆ ಒಂದೊಂದರ ರೀತಿ ಬೇರೆ, ಎಲ್ಲವನ್ನೂ ಒಂದೇ ಗುಂಪಿಗೆ ಸೇರಿಸಿ ಬೈಯಬಾರದು.

ಹೆದರಲು ಕಾರಣ ಹಳೆಯ ಪ್ರಕರಣಗಳು. 2013ರಲ್ಲಿ ಇಎಸ್‌ಇಎ ಎಂಬ ಲೀಗ್‌ನ ಆಂಟಿ-ಚೀಟ್ ಕ್ಲೈಂಟ್‌ನಲ್ಲಿ ಬಿಟ್‌ಕಾಯಿನ್ ಮೈನಿಂಗ್ ಕೋಡ್ ಸೇರಿಕೊಂಡಿತ್ತು. ಸುಮಾರು 14,000 ಆಟಗಾರರ ಕಂಪ್ಯೂಟರ್‌ಗಳು ಅವರಿಗೇ ತಿಳಿಯದೆ ನಾಣ್ಯ ಗಣಿ ಮಾಡಿದವು, ಅಮೆರಿಕದ ನ್ಯೂಜೆರ್ಸಿ ರಾಜ್ಯ ಕಂಪನಿಯನ್ನು ಹಿಡಿದು 10 ಲಕ್ಷ ಡಾಲರಿನ ಒಪ್ಪಂದಕ್ಕೆ ತಂದಿತು. 2016ರ ಸೆಪ್ಟೆಂಬರಿನಲ್ಲಿ ಸ್ಟ್ರೀಟ್ ಫೈಟರ್ 5ಕ್ಕೆ ಕ್ಯಾಪ್‌ಕಾಮ್ ಕೊಟ್ಟ ಅಪ್‌ಡೇಟ್‌ನ ಡ್ರೈವರ್, ಯಂತ್ರದ ಯಾವ ಪ್ರೋಗ್ರಾಮ್ ಕೇಳಿದರೂ ಅದರ ಕೋಡನ್ನು ಕರ್ನಲ್‌ನಲ್ಲಿ ಓಡಿಸಿಕೊಡುತ್ತಿತ್ತು. ಗದ್ದಲವಾದ ಕೂಡಲೇ ಹಿಂದಕ್ಕೆ ಪಡೆದರು.

ನನ್ನನ್ನು ಹೆಚ್ಚು ಕಾಡಿದ್ದು 2022ರದ್ದು. ಗೆನ್‌ಶಿನ್ ಇಂಪ್ಯಾಕ್ಟ್‌ನ ಆಂಟಿ-ಚೀಟ್ ಡ್ರೈವರ್ ಎಂಎಚ್‌ವೈಪ್ರಾಟ್2 ಅನ್ನು ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ) ಗುಂಪೊಂದು ತನ್ನ ಜೊತೆಯಲ್ಲೇ ಹೊತ್ತು ತಂದು, ಅದರಿಂದ ಆಂಟಿವೈರಸ್ ಅನ್ನು ಕೊಂದಿತು. ಟ್ರೆಂಡ್ ಮೈಕ್ರೋ ಎಂಬ ಭದ್ರತಾ ಕಂಪನಿ ಇದನ್ನು ಆ ವರ್ಷದ ಆಗಸ್ಟ್‌ನಲ್ಲಿ ಬಯಲಿಗೆ ತಂದಿತು. ದಾಳಿಯಾದ ಯಂತ್ರದಲ್ಲಿ ಆ ಗೇಮ್ ಇರಬೇಕಾಗಿಯೇ ಇರಲಿಲ್ಲ! ಸಹಿ ಇದ್ದ ಡ್ರೈವರ್ ಅಂತ ವಿಂಡೋಸ್ ಒಳಗೆ ಬಿಟ್ಟುಕೊಂಡಿತು. ಗೇಮ್ ಆಡದವರ ಆಫೀಸಿಗೂ ಗೇಮ್ ಕಂಪನಿಯ ತಪ್ಪು ಬಂದು ತಟ್ಟಿದ್ದು ಹೀಗೆ.

ಮಾಟುಂಗಾ_ಮಾರ್ಕೆಟ್
ಆಂಟಿವೈರಸ್ ಕೂಡ ಕರ್ನಲ್‌ನಲ್ಲೇ ಇರುತ್ತದಲ್ಲ? ಅದನ್ನು ನಂಬುವವರು ಇದನ್ನು ಯಾಕೆ ನಂಬಬಾರದು?

ಹಿಂಜವಡಿ_ರಾತ್ರಿಪಾಳಿ
ನ್ಯಾಯವಾದ ಪ್ರಶ್ನೆ. ಉತ್ತರ 2024ರ ಜುಲೈ 19ರಂದು ಸಿಕ್ಕಿತು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಕರ್ನಲ್ ಡ್ರೈವರ್‌ಗೆ ಹೋದ ಒಂದು ದೋಷಪೂರಿತ ಅಪ್‌ಡೇಟ್‌ನಿಂದ ಜಗತ್ತಿನ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆಗೆ ಬಿದ್ದವು. ಮುಂಬೈ ವಿಮಾನ ನಿಲ್ದಾಣದಲ್ಲೂ ಅವತ್ತು ಕೈಯಲ್ಲೇ ಚೆಕ್-ಇನ್ ನಡೆಯಿತು. ಅದರಲ್ಲಿ ಯಾರ ದುರುದ್ದೇಶವೂ ಇರಲಿಲ್ಲ. ಯೂಸರ್ ಮೋಡ್‌ನಲ್ಲಿ ಪ್ರೋಗ್ರಾಮ್ ಬಿದ್ದರೆ ಅದೊಂದೇ ಬೀಳುತ್ತದೆ, ಕರ್ನಲ್‌ನಲ್ಲಿ ಬಿದ್ದರೆ ಯಂತ್ರವೇ ಬೀಳುತ್ತದೆ. ಅದಾದ ಮೇಲೆ ಮೈಕ್ರೋಸಾಫ್ಟ್ ಭದ್ರತಾ ಸಾಫ್ಟ್‌ವೇರ್‌ಗಳು ಕರ್ನಲ್‌ನ ಹೊರಗಿನಿಂದಲೇ ಕೆಲಸ ಮಾಡುವ ವ್ಯವಸ್ಥೆ ಕಟ್ಟಲು ಹೊರಟಿದೆ. ಕಾಸು ಕೊಟ್ಟು ಕೊಂಡ ಭದ್ರತಾ ಸಾಫ್ಟ್‌ವೇರನ್ನೇ ಹೊರಗೆ ಕರೆಯುತ್ತಿರುವ ಹೊತ್ತಿನಲ್ಲಿ ಮನರಂಜನೆಯ ಸಾಫ್ಟ್‌ವೇರ್ ಒಳಗೆ ಹೋಗುತ್ತಿದೆ.

ಕೊತ್ರೂಡ್_ಕಟ್ಟೆ
ಅಣ್ಣಾರ, ನೀವು ಹೇಳಿದ್ದು ಖರೇ ಐತಿ, ಆದ್ರ ಒಂದು ಕಡೀದೇ ಹೇಳೀರಿ. ವ್ಯಾನ್‌ಗಾರ್ಡ್ ಬಂದಾಗ ಮಂದಿ ಬೈದ್ರು, ಅವರು ಕೇಳ್ಯಾರ. ಕೆಳಗ ಟ್ರೇದಾಗ ಐಕಾನ್ ಇಟ್ರು, ಬ್ಯಾಡಾದಾಗ ಬಂದ್ ಮಾಡಬಹುದು, ಮತ್ತ ಆಡಬೇಕಂದ್ರ ರೀಸ್ಟಾರ್ಟ್ ಅಷ್ಟ. ದೋಷ ಹುಡುಕಿ ಕೊಟ್ಟವ್ರಿಗೆ 1 ಲಕ್ಷ ಡಾಲರ್ ತನಕ ಬಹುಮಾನ ಅಂತನೂ ಹೇಳಿದ್ರು. ಕದಿಯೋ ಮನಸ್ಸಿದ್ದವ ಹಿಂಗ ಮಾಡ್ತಾನೇನ್ರಿ?

ಇನ್ನ ಯೂಸರ್ ಮೋಡ್ ಸಾಕು ಅನ್ನೋ ಮಾತು. ಕೌಂಟರ್-ಸ್ಟ್ರೈಕ್ ಖರೇನ ಆಡಾವ್ರು ವ್ಯಾಕ್ ಸಾಲದು ಅಂತ ಫೇಸ್‌ಇಟ್ ಅನ್ನೋ ಬ್ಯಾರೆ ಪಂದ್ಯದ ವೇದಿಕೆಗೆ ಹೋಗ್ತಾರ. ಅಲ್ಲಿರೋದು ಮತ್ತ ಕರ್ನಲ್ ಆಂಟಿ-ಚೀಟೇ. ಯಾರೂ ಬಲವಂತ ಮಾಡಿಲ್ಲ, ಆಟಗಾರರೇ ಹುಡುಕ್ಕೊಂಡು ಹೋಗ್ಯಾರ. ಈ ಮಾತಿಗೆ ನಿಮ್ಮ ಉತ್ತರ ಬೇಕು ನನಗ.

ಹಿಂಜವಡಿ_ರಾತ್ರಿಪಾಳಿ
ಒಪ್ಪುತ್ತೇನೆ. ತಿಳಿದು, ತನ್ನ ಯಂತ್ರಕ್ಕೆ, ತಾನೇ ಹಾಕಿಕೊಳ್ಳುವವನ ಬಗ್ಗೆ ನನ್ನ ತಕರಾರಿಲ್ಲ. ನೀವು ಆ ಸಾಲಿನವರು, ನಿಮ್ಮ ಪಿಸಿ ನಿಮ್ಮದು.

ಆದರೆ ಕರ್ನಲ್‌ಗೆ ಹೋದರೆ ಚೀಟ್ ಮುಗಿಯಿತು ಅನ್ನುವುದು ಸರಿಯಲ್ಲ. ಡಿಎಂಎ ಕಾರ್ಡ್ ನೋಡಿರುತ್ತೀರಿ. ಪಿಸಿಐಇ ಸ್ಲಾಟ್‌ಗೆ ಒಂದು ಕಾರ್ಡ್ ಹಾಕಿ, ಅದು ಗೇಮ್‌ನ ಮೆಮೊರಿಯನ್ನು ನೇರವಾಗಿ ಓದಿ ಪಕ್ಕದ ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತದೆ. ಚೀಟ್ ಓಡುವುದು ಆ ಎರಡನೆಯದರಲ್ಲಿ. ಅದನ್ನು ಹಿಡಿಯಲು ಈಗ ಐಒಎಂಎಂಯು (ಇಂಥ ಕಾರ್ಡ್‌ಗಳು ಮೆಮೊರಿ ಮುಟ್ಟದಂತೆ ತಡೆಯುವ ಹಾರ್ಡ್‌ವೇರ್) ಆನ್ ಮಾಡಿ, ಬಯಾಸ್ ಅಪ್‌ಡೇಟ್ ಮಾಡಿ ಅನ್ನುತ್ತಿದ್ದಾರೆ. ಕರ್ನಲ್ ಆಯಿತು, ಈಗ ಅದಕ್ಕೂ ಕೆಳಗಿನ ಬಯಾಸ್‌ನಂಥ ಫರ್ಮ್‌ವೇರ್. ಪ್ರತಿ ಸಲ ಇಳಿಯುವಾಗ ಪ್ರಾಮಾಣಿಕನಾಗಿ ಆಡುವವನ ಯಂತ್ರದಲ್ಲೇ ಇನ್ನಷ್ಟು ಆಳಕ್ಕೆ ಇಳಿಯುತ್ತಾರೆ. ಸರ್ವರ್ ಕಡೆ ಮಾಡಬೇಕಾದ್ದು ಬಹಳ ಇದೆ. ಗೋಡೆಯ ಹಿಂದಿರುವ ಆಟಗಾರ ಎಲ್ಲಿದ್ದಾನೆ ಅನ್ನುವುದನ್ನು ನನ್ನ ಕಂಪ್ಯೂಟರಿಗೆ ಕಳಿಸದೇ ಇದ್ದರೆ ಚೀಟ್‌ಗೆ ತೋರಿಸಲು ಏನೂ ಇರುವುದಿಲ್ಲ. ವ್ಯಾಲೊರಂಟ್‌ನಲ್ಲಿ ಆ ಕೆಲಸ ಶುರುವಿನಿಂದಲೇ ಮಾಡಿದ್ದಾರೆ, ಅದನ್ನು ಮೆಚ್ಚಬೇಕು. ಎಲ್ಲ ಗೇಮ್‌ಗಳೂ ಮೊದಲು ಅದನ್ನು ಮಾಡಲಿ, ಆಮೇಲೆ ನಮ್ಮ ಕರ್ನಲ್ ಕೇಳಲಿ.

ವಾಸ್ಕೋ_ರೈಲುಗಾಡಿ
ನಾನು ವಾಸ್ಕೋದಾಗ ಒಂದು ಸಣ್ಣ ಗೇಮಿಂಗ್ ಅಂಗಡಿ ನಡಸ್ತೀನ್ರಿ, ಬಾಜೂಕ ಜೆರಾಕ್ಸು, ಆನ್‌ಲೈನ್ ಫಾರ್ಮ್ ತುಂಬೋ ಕೆಲಸಾನೂ ಐತಿ. ದೊಡ್ಡ ಚರ್ಚಾ ನಿಮಗ ಬಿಟ್ಟೆ. ಸೆಕ್ಯೂರ್ ಬೂಟ್ ಆನ್ ಮಾಡೋದರ ಬಗ್ಗೆ ಮಾತ್ರ ಹೇಳ್ತೀನಿ, ಯಾಕಂದ್ರ ಹುಡುಗರು ಯೂಟ್ಯೂಬ್ ನೋಡಿ ಗಡಬಡಿ ಮಾಡಿ ಪಿಸಿ ಹೊತ್ಕೊಂಡು ನನ್ನ ಕಡೆ ಬರ್ತಾರ.

ಅಕ್ಕಾರ, ಬಯಾಸ್ ಮುಟ್ಟೋಕಿಂತ ಮೊದಲು ವಿಂಡೋಸ್‌ನಾಗ ರನ್ ತೆಗೆದು ಎಂಎಸ್‌ಇನ್ಫೋ32 ಅಂತ ಹೊಡೀರಿ. ಅಲ್ಲಿ ಬಯಾಸ್ ಮೋಡ್ ಅನ್ನೋ ಸಾಲು ಐತಿ. ಯುಇಎಫ್‌ಐ ಅಂತ ಇದ್ರ ಚಿಂತಿಲ್ಲ. ಲೆಗಸಿ ಅಂತ ಇದ್ರ ನಿಮ್ಮ ಡಿಸ್ಕ್ ಎಂಬಿಆರ್ ಅನ್ನೋ ಹಳೇ ಪದ್ಧತಿದಾಗ ಐತಿ ಅಂತ ಅರ್ಥ. ಆಗ ಬಯಾಸ್‌ನಾಗ ಸಿಎಸ್‌ಎಂ (ಹಳೇ ಪದ್ಧತಿ ಬೂಟ್ ನಡಸೋ ಆಯ್ಕೆ) ಬಂದ್ ಮಾಡಿ ಸೆಕ್ಯೂರ್ ಬೂಟ್ ಹಚ್ಚಿದ್ರೋ, ಮುಗೀತು, ವಿಂಡೋಸ್ ಬೂಟೇ ಆಗೂದಿಲ್ಲ. ಡೇಟಾ ಹೋಗಿರೂದಿಲ್ಲ, ಸಿಎಸ್‌ಎಂ ತಿರುಗಿ ಹಚ್ಚಿದ್ರ ಮತ್ತ ಬರ್ತದ, ಆದ್ರ ಮನ್ಯಾಗ ಎಲ್ಲಾರ ಎದಿ ಧಸಕ್ ಅಂತದ. ಮೊದಲು ಬ್ಯಾಕಪ್ ತಗೊಂಡು, ಎಂಬಿಆರ್2ಜಿಪಿಟಿ ಅನ್ನೋ ಮೈಕ್ರೋಸಾಫ್ಟ್‌ದ ಟೂಲ್‌ಲೇ ಡಿಸ್ಕ್ ಬದಲಿ ಮಾಡಿ, ಆಮ್ಯಾಲ ಬಯಾಸ್‌ಗೆ ಹೋಗಬೇಕು.

ಇನ್ನೊಂದು. ಡಿಸ್ಕ್‌ಗೆ ಬಿಟ್‌ಲಾಕರ್ (ವಿಂಡೋಸ್‌ದ ಡಿಸ್ಕ್ ಬೀಗ) ಇದ್ರ ಸೆಕ್ಯೂರ್ ಬೂಟ್ ಬದಲಿ ಮಾಡಿದ ಕೂಡ್ಲೇ 48 ಅಂಕಿಯ ರಿಕವರಿ ಕೀ ಕೇಳಬಹುದು. ಮೊದಲ ಅದನ್ನ ಹಾಳಿ ಮ್ಯಾಲ ಬರ್ಕೊಂಡು ಇಟ್ಕೋರಿ, ಬಿಟ್‌ಲಾಕರ್ ಸಸ್ಪೆಂಡ್ ಮಾಡಿ ಮುಂದಕ್ಕ ಹೋಗ್ರಿ. ಕೀ ಇಲ್ಲಂದ್ರ ಲೆಕ್ಕದ ಫೈಲ್ ಯಾರೂ ತೆಗೆದುಕೊಡಾಕ ಆಗೂದಿಲ್ಲ.

ಸೆಕ್ಯೂರ್ ಬೂಟ್ ಕೆಟ್ಟದ್ದಲ್ಲ, ಅದು ವಿಂಡೋಸ್‌ಗೇ ಒಳ್ಳೇದು. ಬ್ಯಾಟಲ್‌ಫೀಲ್ಡ್ 6 ಸಹ ಅದು ಇಲ್ದ ನಡ್ಯೂದಿಲ್ಲ. ಅದನ್ನೂ ಆಂಟಿ-ಚೀಟ್ ಡ್ರೈವರನ್ನೂ ಒಂದ ಅಂತ ತಿಳೀಬ್ಯಾಡ್ರಿ. ನನ್ನ ಅಂಗಡ್ಯಾಗ ಮಂದಿ ಆಧಾರ್, ಪ್ಯಾನ್ ತಂದು ಕೊಡೋ ಕಂಪ್ಯೂಟರ್‌ನಾಗ ಒಂದು ಗೇಮೂ ಇಲ್ಲ, ಗೇಮ್ ಇರೋದ್ರಾಗ ಒಂದು ಕಾಗದಾನೂ ಇಲ್ಲ. ಎಷ್ಟೇ ಗಿರಾಕಿ ಬರಲಿ, ಅದೊಂದು ನೇಮ ಮುರಿಯೂದಿಲ್ಲ.

ಥಾಣೆ_ಪಡುಗಾಳಿ
ತುಂಬ ಉಪಕಾರವಾಯಿತು. ಎಂಎಸ್‌ಇನ್ಫೋ32 ನೋಡಿದೆ, ಯುಇಎಫ್‌ಐ ಅಂತಲೇ ಉಂಟು.

ಎಲ್ಲರೂ ಬರೆದದ್ದು ಓದಿದ ಮೇಲೆ ಒಂದು ಮಾತು ಗಂಟಲಿಗೆ ಸಿಕ್ಕಿಕೊಂಡ ಹಾಗಿದೆ. ಗೇಮ್ ಹಾಕುವಾಗ ಒಪ್ಪಿಗೆ ಅಂತ ಒತ್ತುವುದು ತಮ್ಮ. ಅವನಿಗೆ ಹದಿನೈದು. ಕಂಪ್ಯೂಟರ್ ಅಪ್ಪನದ್ದು. ಅದರೊಳಗೆ ನಮ್ಮಲ್ಲಿ ಕೆಲಸ ಮಾಡುವ ಹುಡುಗರ ಬ್ಯಾಂಕ್ ಖಾತೆ ನಂಬರ್, ಆಧಾರ್ ಕಾಪಿ ಉಂಟು. ಬೈಂದೂರಿನಿಂದ, ಸಿದ್ದಾಪುರದಿಂದ ಅಪ್ಪನನ್ನು ನಂಬಿ ಬಂದವರು ಅವರು. ಅವರ ಪರವಾಗಿ ಹತ್ತನೇ ಕ್ಲಾಸಿನ ಹುಡುಗ ಹೇಗೆ ಒಪ್ಪಿಗೆ ಕೊಡುತ್ತಾನೆ ಮಾರಾಯ್ರೇ? ಕಂಪನಿ ಒಳ್ಳೆಯದೋ ಕೆಟ್ಟದೋ ಅನ್ನುವುದು ಆಮೇಲಿನ ಮಾತಾಯಿತು.

ಹಿಂಜವಡಿ_ರಾತ್ರಿಪಾಳಿ
ಇಡೀ ಚರ್ಚೆಯಲ್ಲಿ ಮುಖ್ಯವಾದ ಮಾತು ಹೇಳಿದಿರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ. ಅವರ ದತ್ತಾಂಶ ಬಳಸಲು ತಂದೆತಾಯಿಯ ಪರಿಶೀಲಿಸಬಹುದಾದ ಒಪ್ಪಿಗೆ ಬೇಕು, ಮಕ್ಕಳ ನಡವಳಿಕೆಯ ಮೇಲೆ ಕಣ್ಣಿಡುವುದನ್ನು 9ನೇ ಸೆಕ್ಷನ್ ತಡೆಯುತ್ತದೆ. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿವೆ, ಹಂತಹಂತವಾಗಿ ಜಾರಿಗೆ ಬರುತ್ತವೆ. ಆದರೆ ಆ ಕಾಯ್ದೆ ನೋಡುವುದು ದತ್ತಾಂಶವನ್ನು. ಯಂತ್ರದೊಳಗೆ ಯಾರು ಎಷ್ಟು ಆಳಕ್ಕೆ ಇಳಿಯಬಹುದು, ಒಂದೇ ಯಂತ್ರ ಬಳಸುವ ಉಳಿದವರ ಮಾತಿಗೆ ಬೆಲೆ ಏನು ಅನ್ನುವುದನ್ನು ಅದು ನೇರವಾಗಿ ಕೇಳುವುದಿಲ್ಲ. 2025ರ ಆಗಸ್ಟ್‌ನ ಆನ್‌ಲೈನ್ ಗೇಮಿಂಗ್ ಕಾಯ್ದೆಯ ಗಮನವೆಲ್ಲ ಹಣ ಕಟ್ಟಿ ಆಡುವ ಆಟಗಳ ಮೇಲಿದೆ. ಇ-ಸ್ಪೋರ್ಟ್ಸ್‌ಗೆ ಅದು ಮನ್ನಣೆ ಕೊಟ್ಟಿತು, ಒಳ್ಳೆಯದೇ. ಆ ಮನ್ನಣೆಯ ಜೊತೆ ಈ ಪ್ರಶ್ನೆಯನ್ನೂ ಕೈಗೆತ್ತಿಕೊಳ್ಳಬೇಕಿತ್ತು.

ಔಂಧ್_ಪೆಂಗ್ವಿನ್
ನಾನು ಲಿನಕ್ಸ್ ಬಳಸುವವನು. ಈಸಿ ಆಂಟಿ-ಚೀಟ್, ಬ್ಯಾಟಲ್‌ಐ ಎರಡೂ 2021ರಿಂದ ಪ್ರೋಟಾನ್‌ನಲ್ಲಿ (ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಸಾಫ್ಟ್‌ವೇರ್) ಓಡಬಲ್ಲವು, ಗೇಮ್ ಮಾಡಿದವರು ಮನಸ್ಸು ಮಾಡಬೇಕು ಅಷ್ಟೇ. ಏಪೆಕ್ಸ್ ಲೆಜೆಂಡ್ಸ್ ಗೇಮ್ 2024ರ ಕೊನೆಯಲ್ಲಿ ಲಿನಕ್ಸ್‌ಗೆ ಬಾಗಿಲು ಹಾಕಿತು, ಬಹಳ ನೋವಾಯಿತು. ಅದೇ ಹೊತ್ತಿಗೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ಒಂದು ಒಳ್ಳೆಯ ಕೆಲಸ ಮಾಡಿತು: ಕರ್ನಲ್ ಆಂಟಿ-ಚೀಟ್ ಇದ್ದರೆ ಸ್ಟೋರ್ ಪುಟದಲ್ಲೇ ಹೇಳಬೇಕು ಅಂತ ನಿಯಮ ತಂದಿತು. ಪಡುಗಾಳಿಯವರೇ, ತಮ್ಮ ಹೊಸ ಗೇಮ್ ಕೇಳಿದಾಗ ಮೊದಲು ಅಲ್ಲಿ ಬಲಗಡೆಯ ಪಟ್ಟಿ ನೋಡಿ. ಅಂದಹಾಗೆ ಅವನಿಗೆ ಮೊಬೈಲಿನಲ್ಲಿ ಬಿಜಿಎಂಐ ಆಡಲು ಬಿಟ್ಟರೆ ಈ ತಲೆನೋವು ಇಲ್ಲ. ಸಾಮಾನ್ಯ ಆ್ಯಪ್‌ಗೆ ಆಂಡ್ರಾಯ್ಡ್ ಕರ್ನಲ್ ಡ್ರೈವರ್ ಹಾಕಲು ಬಿಡುವುದೇ ಇಲ್ಲ.

ಕೊತ್ರೂಡ್_ಕಟ್ಟೆ
ಮೌಸ್ ಹಿಡದಾವ್ಗ ಮೊಬೈಲ್ ಕೊಟ್ರ ಆಗೂದಿಲ್ರಿ ಅಣ್ಣಾರ, ಅದು ಬ್ಯಾರೇನ ಆಟ.

ಅಕ್ಕಾರ, ಕೆಲಸದ ಹುಡುಗರ ಆಧಾರ್ ಅಂದ್ರಲ್ಲ, ಆ ಮಾತಿಗೆ ನನ್ನ ಕಡೆ ಎದುರು ಮಾತಿಲ್ಲ. ಆಂಟಿ-ಚೀಟ್ ಗಟ್ಟಿ ಇರಬೇಕು ಅನ್ನೋದು ಬಿಡೂದಿಲ್ಲ, ಆದ್ರ ಆ ಪಿಸಿಗೆ ಬ್ಯಾಡ. ಬ್ಯಾರೆ ಎಸ್‌ಎಸ್‌ಡಿ ಹಾಕಿ ಅದರಾಗ ಗೇಮ್‌ಗೇ ಅಂತ ಇನ್ನೊಂದು ವಿಂಡೋಸ್ ಹಾಕಿದ್ರ ನಡೀತದೇನು?

ಹಿಂಜವಡಿ_ರಾತ್ರಿಪಾಳಿ
ನಡೆಯುತ್ತದೆ, ಒಂದು ಷರತ್ತಿನ ಮೇಲೆ. ಎರಡು ವಿಂಡೋಸ್ ಇದ್ದರೂ ಎರಡು ಡಿಸ್ಕ್‌ಗಳೂ ಒಂದೇ ಡಬ್ಬದಲ್ಲಿರುತ್ತವೆ. ಗೇಮ್‌ನ ವಿಂಡೋಸ್‌ನಿಂದ ಲೆಕ್ಕದ ಡಿಸ್ಕ್ ಓದಬಹುದು. ಅದಕ್ಕೇ ಲೆಕ್ಕದ ಡಿಸ್ಕ್‌ಗೆ ಬಿಟ್‌ಲಾಕರ್ ಹಾಕಿ, ಗೇಮ್‌ನ ವಿಂಡೋಸ್‌ನಲ್ಲಿ ಯಾವತ್ತೂ ಅದರ ಕೀ ಒತ್ತಬಾರದು. ಆಗ ಓದಿದರೂ ಸಿಗುವುದು ಅರ್ಥವಾಗದ ಅಂಕಿಗಳು ಮಾತ್ರ. ವಿಂಡೋಸ್ ಹೋಮ್ ಇದ್ದರೆ ಪೂರ್ಣ ಬಿಟ್‌ಲಾಕರ್ ಬರುವುದಿಲ್ಲ, ಪ್ರೋ ಬೇಕು. ವರ್ಚುವಲ್ ಮೆಷಿನ್ (ಸಾಫ್ಟ್‌ವೇರ್‌ನಲ್ಲೇ ಕಟ್ಟಿದ ಕಂಪ್ಯೂಟರ್) ಒಳಗೆ ಗೇಮ್ ಹಾಕುವ ಯೋಚನೆ ಬಿಡಿ, ವ್ಯಾನ್‌ಗಾರ್ಡ್‌ನಂಥವು ಅದನ್ನು ಗುರುತು ಹಿಡಿದು ಆಡಲು ಬಿಡುವುದಿಲ್ಲ.

ಇದಕ್ಕಿಂತ ಸುಲಭದ ದಾರಿ: ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಏನಾದರೂ ಇದೆಯೇ? ಟ್ಯಾಲಿಗೆ ಗೇಮ್‌ನಷ್ಟು ಶಕ್ತಿ ಬೇಡ. ಡೆಸ್ಕ್‌ಟಾಪ್ ತಮ್ಮನಿಗೆ ಬಿಟ್ಟು ಲೆಕ್ಕವನ್ನು ಲ್ಯಾಪ್‌ಟಾಪ್‌ಗೆ ಒಯ್ಯಿರಿ.

ಥಾಣೆ_ಪಡುಗಾಳಿ
ನನ್ನ ಕಾಲೇಜಿನ ಲ್ಯಾಪ್‌ಟಾಪ್ ಉಂಟು, ಬ್ಯಾಟರಿ ಹೋಗಿದೆ, ಚಾರ್ಜರ್ ಹಾಕಿದರೆ ನಡೆಯುತ್ತದೆ. ರ‍್ಯಾಮ್ ಹೆಚ್ಚಿಸಿ ಎಸ್‌ಎಸ್‌ಡಿ ಹಾಕಿಸುತ್ತೇನೆ. ಅಪ್ಪನ ಹತ್ತಿರ ಮಾತಾಡಿದೆ, ಹುಡುಗರ ಆಧಾರ್ ಕಾಪಿಯ ವಿಷಯ ಹೇಳಿದ ಕೂಡಲೇ ಒಪ್ಪಿದರು. ಈ ತಿಂಗಳ ರಿಟರ್ನ್ ಮುಗಿಯುವ ತನಕ ಡೆಸ್ಕ್‌ಟಾಪಿಗೆ ಹೊಸ ಗೇಮ್ ಇಲ್ಲ, ಆಮೇಲೆ ಅವನದ್ದೇ. ತಮ್ಮನೂ ಒಪ್ಪಿದ್ದಾನೆ, ಅವನಿಗೆ ಲಾಭವೇ ಅಲ್ವಾ.

ಟ್ಯಾಲಿ ಡೇಟಾ ಆಚೆಗೆ ಹೋದ ಮೇಲೆ ಡೆಸ್ಕ್‌ಟಾಪಿನಲ್ಲಿ ಡಿಲೀಟ್ ಮಾಡಿದರೆ ಸಾಕಾ?

ಹಿಂಜವಡಿ_ರಾತ್ರಿಪಾಳಿ
ಸಾಲದು. ಬ್ಯಾಕಪ್ ತೆಗೆದು ಲ್ಯಾಪ್‌ಟಾಪಿನಲ್ಲಿ ತೆರೆದು, ಕಳೆದ ವರ್ಷದ ಬ್ಯಾಲೆನ್ಸ್ ಶೀಟ್ ಸರಿಯಾಗಿ ಬರುತ್ತದೆಯೇ ನೋಡಿಕೊಳ್ಳಿ. ಆಮೇಲೆ ಡೆಸ್ಕ್‌ಟಾಪಿನ ಬ್ರೌಸರಿನಲ್ಲಿ ಉಳಿದಿರುವ ಬ್ಯಾಂಕ್, ಜಿಎಸ್‌ಟಿ ಪಾಸ್‌ವರ್ಡ್‌ಗಳನ್ನು ತೆಗೆಯಿರಿ, ಆ ಪಾಸ್‌ವರ್ಡ್‌ಗಳನ್ನೂ ಬದಲಿಸಿ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್ ಇದ್ದರೆ ಇನ್ನು ಮುಂದೆ ಅದನ್ನು ಆ ಯಂತ್ರಕ್ಕೆ ಚುಚ್ಚಬೇಡಿ. ಎಲ್ಲ ಮುಗಿದ ಮೇಲೆ ಸೆಟ್ಟಿಂಗ್ಸ್‌ನಲ್ಲಿ ರೀಸೆಟ್‌ಗೆ ಹೋಗಿ, ಎಲ್ಲವನ್ನೂ ತೆಗೆ ಅನ್ನುವುದನ್ನು ಆರಿಸಿ, ಡ್ರೈವ್ ಕ್ಲೀನ್ ಮಾಡುವ ಆಯ್ಕೆಯನ್ನೂ ಆನ್ ಮಾಡಿ. ಅದಕ್ಕೆ ಕೆಲವು ತಾಸು ಹಿಡಿಯುತ್ತದೆ, ರಾತ್ರಿ ಹಚ್ಚಿ ಮಲಗಿ.

ವಾಸ್ಕೋ_ರೈಲುಗಾಡಿ
ರೀಸೆಟ್‌ಗಿಂತ ಮೊದಲು ತಮ್ಮನ ಶಾಲಿ ಪ್ರಾಜೆಕ್ಟು, ಮನಿ ಫೋಟೋ ಪೆನ್‌ಡ್ರೈವ್‌ಗೆ ಹಾಕ್ಕೋರಿ ಅಕ್ಕಾರ. ಲ್ಯಾಪ್‌ಟಾಪ್‌ಗೆ ರ‍್ಯಾಮ್ ತಗೊಳ್ಳೂಕಿಂತ ಮೊದಲ ಹಳೇದು ಡಿಡಿಆರ್3ನೋ ಡಿಡಿಆರ್4ನೋ ನೋಡಿ ಬರೀರಿ, ಯಾವುದು ಕೂಡ್ತದ ಅಂತ ಹೇಳ್ತೀನಿ.